ಅಜ್ಜಿಯ ಸೀರೆ, ಅಪ್ಪನ ಅಂಗಿ: ಹಳೆ ಬಟ್ಟೆಯಲ್ಲಿ ಮಕ್ಕಳ ಉಡುಪು ಹೊಲಿಯುವ ಬಗೆ

ಹಳೆ ಸೀರೆಯಲ್ಲಿ ಮಗಳಿಗೆ ನಾನು ಹೊಲಿದ ಮೊದಲ ಲಂಗ ಒಂದೂವರೆ ಗಂಟೆ ಬಾಳಿತು. ಅಜ್ಜಿಯ ಇಳಕಲ್ ಸೀರೆ ಅದು. ಮೈ ನುಣ್ಣಗಿತ್ತು, ಬಣ್ಣ ಇನ್ನೂ ಗಟ್ಟಿಯಾಗಿತ್ತು, ದಡಿಗೆ ಏನೂ ಆಗಿರಲಿಲ್ಲ. ಎರಡು ದಿನ ಕೂತು ಹೊಲಿದೆ. ಗೌರಿ ಹಬ್ಬದ ಬೆಳಿಗ್ಗೆ ಅದನ್ನು ಹಾಕಿಕೊಂಡು ಅವಳು ರಂಗೋಲಿ ಮುಂದೆ ಕುಕ್ಕರಗಾಲಲ್ಲಿ ಕೂತಳು. ಪರ್ರ್ ಅಂತ ಹಿಂದೆ ಒಂದು ಗೇಣು ಹರಿಯಿತು. ಹೊಲಿಗೆ ಬಿಟ್ಟಿರಲಿಲ್ಲ, ಹೊಲಿಗೆಯ ಪಕ್ಕದ ಬಟ್ಟೆಯೇ ಹೋಗಿತ್ತು. ಅಜ್ಜಿ ಹರಿದ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, "ಮೂವತ್ತು ವರ್ಷ ನಾ ಕೂತ ಜಾಗಾನೇ ಹುಡುಕಿ ಕತ್ತರಿಸೀಯಲ್ಲವ್ವಾ" ಅಂದಳು.

ಆಮೇಲೆ ಎಷ್ಟೋ ಲಂಗ, ಫ್ರಾಕು, ಚಡ್ಡಿ ಹೊಲಿದಿದ್ದೇನೆ. ಅಜ್ಜಿಯ ಆ ಮಾತೇ ಈ ಕೆಲಸದ ಮುಕ್ಕಾಲು ಪಾಲು ಅಂತ ಈಗ ಅನಿಸುತ್ತದೆ. ಹೊಸ ಬಟ್ಟೆಯಾದರೆ ಏನು ಹೊಲಿಯಬೇಕು ಅಂತ ಮೊದಲು ಯೋಚಿಸಿ, ಆಮೇಲೆ ಬಟ್ಟೆ ತರುತ್ತೇವೆ. ಹಳೆಯದರಲ್ಲಿ ಇದು ಉಲ್ಟಾ. ಎಲ್ಲಿ ಗಟ್ಟಿ ಇದೆ, ಎಲ್ಲಿ ಸವೆದಿದೆ ಅಂತ ನೋಡಿದ ಮೇಲೆಯೇ ಅದರಲ್ಲಿ ಏನಾಗುತ್ತದೆ ಅನ್ನುವುದು ತಿಳಿಯುವುದು.

ಸವೆದ ಜಾಗ ಹುಡುಕುವುದು

ಬಟ್ಟೆಯನ್ನು ಹಗಲು ಹೊತ್ತಿನಲ್ಲಿ ಕಿಟಕಿಗೆ ಅಡ್ಡ ಹಿಡಿಯಿರಿ. ಸವೆದ ಕಡೆ ಬೆಳಕು ಜಾಸ್ತಿ ತೂರಿ ಬರುತ್ತದೆ, ಕೆಲವು ಕಡೆ ಜರಡಿಯ ಹಾಗೆ ಕಾಣುತ್ತದೆ. ಅಲ್ಲೆಲ್ಲ ಚಾಕ್‌ಪೀಸಿನಿಂದ ಸುತ್ತು ಹಾಕಿ.

ಆಮೇಲೆ ಕೈಯ ಪರೀಕ್ಷೆ. ಎರಡೂ ಹೆಬ್ಬೆರಳನ್ನು ಪಕ್ಕಪಕ್ಕ ಇಟ್ಟು ಬಟ್ಟೆ ಬಿಗಿಯಾಗಿ ಹಿಡಿದು ಎಳೆಯಿರಿ. ಒಮ್ಮೆ ಹಾಸಿನ, ಅಂದರೆ ಉದ್ದದ ಎಳೆಯ ದಿಕ್ಕಿಗೆ, ಒಮ್ಮೆ ಹೊಕ್ಕಿನ, ಅಂದರೆ ಅಡ್ಡ ಎಳೆಯ ದಿಕ್ಕಿಗೆ. ಎರಡೂ ಕಡೆ ಎಳೆಯಲೇಬೇಕು, ಯಾಕೆಂದರೆ ಹಾಸು ಗಟ್ಟಿ ಇದ್ದು ಹೊಕ್ಕು ಮಾತ್ರ ಜೀರ್ಣವಾಗಿರುವುದು ತೀರಾ ಮಾಮೂಲಿ. ಎಳೆದಾಗ ಸಣ್ಣಗೆ ಟಪ್ ಅಂತ ಕೇಳಿದರೆ, ಅಥವಾ ಎಳೆಗಳು ದೂರ ಸರಿದು ಹಾಗೇ ನಿಂತರೆ, ಆ ಜಾಗ ಬಿಟ್ಟುಬಿಡಿ. ಎರಡು ವರ್ಷದ ಮಗು ದಿನಕ್ಕೆ ನೂರು ಸಲ ಕೂತು ಏಳುತ್ತದೆ. ನಿಮ್ಮ ಹೆಬ್ಬೆರಳಿಗೇ ಬಗ್ಗಿದ ಬಟ್ಟೆ ಅದರ ಕೈಯಲ್ಲಿ ಉಳಿಯಲ್ಲ.

ಎಲ್ಲಿ ಸವೆದಿರುತ್ತದೆ ಅಂತ ಮೊದಲೇ ಸ್ವಲ್ಪ ಊಹಿಸಬಹುದು. ಸುಮಾರು ಐದೂವರೆ ಮೀಟರಿನ ಸೀರೆ ತೆಗೆದುಕೊಳ್ಳಿ. ಒಳಗೆ ಸಿಕ್ಕಿಸುವ ತುದಿಯಿಂದ ಮೊದಲ ಒಂದು ಮೀಟರು ಸೊಂಟ ಸುತ್ತುತ್ತದೆ. ಅಲ್ಲಿ ನಡುಭಾಗ ಸವೆದಿರುತ್ತದೆ, ಕೂರುವ ಜಾಗ ಅದು. ಅದರ ಮುಂದಿನ ಒಂದೂವರೆ, ಎರಡು ಮೀಟರು ನಿರಿಗೆ. ಸೀರೆಯ ಒಳ್ಳೆಯ ಬಟ್ಟೆ ಇರುವುದೇ ಇಲ್ಲಿ, ಒಂದರ ಹಿಂದೆ ಒಂದು ಅಡಗಿಕೊಂಡು ಬಿಸಿಲು, ತಿಕ್ಕಾಟ ಎರಡನ್ನೂ ತಪ್ಪಿಸಿಕೊಂಡಿರುತ್ತದೆ. ಆದರೆ ನಿರಿಗೆಯ ಕೆಳದಡಿ ಮಾತ್ರ ಕಾಲಿಗೆ, ನೆಲಕ್ಕೆ ಉಜ್ಜಿ ಹೋಗಿರುತ್ತದೆ. ನಿರಿಗೆ ದಾಟಿದರೆ ಮತ್ತೆ ಒಂದು ಸುತ್ತು ಹಿಂಭಾಗ, ಅಲ್ಲೂ ಸವೆತ. ಸೆರಗಿನಲ್ಲಿ ಹೆಗಲ ಹತ್ತಿರ ಪಿನ್ನಿನ ತೂತು ನೋಡಿಕೊಳ್ಳಿ. ನಾನು ಆ ಮೊದಲ ಲಂಗಕ್ಕೆ ಸೆರಗಿನ ಪಕ್ಕದಿಂದ ಎರಡು ಮೀಟರು ಅಳೆದಿದ್ದೆ. ನೋಡೋಕೆ ಚೆಂದ ಇತ್ತಲ್ಲ, ಅದಕ್ಕೆ.

ಗಂಡಸರ ಅಂಗಿಯಲ್ಲಿ ಮೊದಲು ಹೋಗುವುದು ಕಾಲರಿನ ಮಡಿಕೆ ಮತ್ತು ಕಫ್ಫು. ಆಮೇಲೆ ಕಂಕುಳು, ಬೆವರಿಗೆ ಬಟ್ಟೆ ಅಲ್ಲಿ ಪೆಡಸಾಗುತ್ತದೆ. ಬೆನ್ನಿನ ಭಾಗ ಬಹುತೇಕ ಹೊಸದರ ಹಾಗೇ ಇರುತ್ತದೆ. ಪ್ಯಾಂಟಿನಲ್ಲಿ ತೊಡೆಯ ಸಂದಿ ಮತ್ತು ಮಂಡಿ ಹೋಗಿದ್ದರೂ ಮಂಡಿಯಿಂದ ಕೆಳಗೆ ಚೆನ್ನಾಗಿರುತ್ತದೆ. ಪಂಚೆಯಲ್ಲಿ ಸೊಂಟಕ್ಕೆ ಸಿಕ್ಕಿಸುವ ಅಂಚು ಬಿಟ್ಟರೆ ಉಳಿದದ್ದೆಲ್ಲ ಕೆಲಸಕ್ಕೆ ಬರುತ್ತದೆ.

ಯಾವ ಬಟ್ಟೆ ಬೇಡ

ಹತ್ತಿಯೋ ಅಲ್ಲವೋ ಅನುಮಾನ ಬಂದರೆ ಅಂಚಿನಿಂದ ನಾಲ್ಕು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಉದುರುವ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಕರೀ ಮಣಿಯ ಹಾಗೆ ಗಟ್ಟಿಯಾಗುತ್ತದೆ. ಎರಡೂ ಸೇರಿದ್ದರೆ ಎರಡೂ ಗುರುತು ಸಿಗುತ್ತವೆ. ಹೀಗೆ ಎರಡೂ ಸೇರಿದ ಟೆರಿಕಾಟನ್ ಅಂಗಿಯಲ್ಲಿ ನಾಲ್ಕೈದು ವರ್ಷದ ಮಗುವಿಗೆ ಹೊಲಿಯಬಹುದು, ಕೂಸಿಗೆ ಬೇಡ. ಪೂರ್ತಿ ಸಿಂಥೆಟಿಕ್ ಸೀರೆಯಂತೂ ಸಣ್ಣ ಮಕ್ಕಳಿಗೆ ಬೇಡವೇ ಬೇಡ. ಸೆಕೆಯ ಮಾತು ಹಾಗಿರಲಿ, ದೀಪಾವಳಿಯ ಹಣತೆಗೆ ತಗುಲಿದರೆ ಅದು ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಹತ್ತಿಗೂ ಬೆಂಕಿ ಹತ್ತುತ್ತದೆ, ಹಾಗಾಗಿ ದೀಪದ ಹತ್ತಿರ ಅಗಲವಾದ ಲಂಗ ಯಾವುದೇ ಬಟ್ಟೆಯದಾದರೂ ಕಣ್ಣಿಟ್ಟಿರಬೇಕು.

ಇನ್ನೊಂದು ವಿಷಯವನ್ನು ಕೂಸಿರುವ ಮನೆಯವರು ಖಂಡಿತ ಗಮನಿಸಿ. ಟ್ರಂಕಿನ ಬಟ್ಟೆಗೆ ನುಸಿಗುಳಿಗೆ ಹಾಕಿರುತ್ತಾರೆ. ನ್ಯಾಫ್ತಲೀನ್ ಗುಳಿಗೆಯ ಜೊತೆ ಇಟ್ಟ ಬಟ್ಟೆಯನ್ನು ತೆಗೆದ ತಕ್ಷಣ ಹಸುಗೂಸಿಗೆ ಹಾಕುವುದು ಅಪಾಯ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಿಗೆ ಅದರಿಂದ ರಕ್ತದ ಕೆಂಪು ಕಣ ಒಡೆದು ಕಾಮಾಲೆ ಏರುತ್ತದೆ. ಆ ಕೊರತೆ ಇದೆಯೋ ಇಲ್ಲವೋ ಅಂತ ಮನೆಯವರಿಗೆ ಗೊತ್ತೇ ಇರುವುದಿಲ್ಲ. ದಿನಗಟ್ಟಲೆ ಗಾಳಿಗೆ ಹಾಕಿ, ಒಗೆದು, ಬಿಸಿಲಲ್ಲಿ ಒಣಗಿಸಿ. ಇಷ್ಟಾದ ಮೇಲೂ ಸ್ವಲ್ಪ ವಾಸನೆ ಇದ್ದರೂ ಅದನ್ನು ಕೂಸಿಗೆ ಬಳಸಬೇಡಿ. ಬೇರೆ ಬಟ್ಟೆ ಇದ್ದೇ ಇರುತ್ತದಲ್ವಾ.

ಬಣ್ಣ ಬಿಡುತ್ತದೋ ನೋಡಲು ಒದ್ದೆ ಬಿಳಿ ಬಟ್ಟೆಯನ್ನು ಮೂಲೆಯ ಮೇಲಿಟ್ಟು ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಅದಕ್ಕೆ ಬಿಳಿ ಬಟ್ಟೆಯ ಬಾಡಿಯನ್ನಾಗಲಿ (ಲಂಗಕ್ಕೆ ಜೋಡಿಸುವ ಮೇಲ್ಭಾಗ), ಅಂಚಿನ ಪೈಪಿಂಗ್ ಆಗಲಿ ಜೋಡಿಸಬೇಡಿ.

ಮತ್ತೆ, ಯಾರ ಬಟ್ಟೆ ಅಂತ ಕೇಳಿಕೊಂಡೇ ಕತ್ತರಿ ಹಾಕಿ. ಬೀರುವಿನ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದು ಯಾರಿಗೂ ಬೇಡದ್ದೇ ಇರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ತೀರಿಹೋದವರ ಬಟ್ಟೆ ಮಕ್ಕಳ ಮೈಮೇಲೆ ಬರಲಿ ಅಂತ ಆಸೆಪಡುವವರೂ ಇದ್ದಾರೆ, ಕೂಡದು ಅನ್ನುವವರೂ ಇದ್ದಾರೆ. ಎರಡೂ ಒಂದೇ ಮನೆಯಲ್ಲಿ ಇರಬಹುದು.

ಬಿಚ್ಚುವುದು, ಸೂಜಿ, ಹೊಲಿಗೆಯ ಉದ್ದ

ಒಗೆದು, ಇಸ್ತ್ರಿ ಮಾಡಿ, ಆಮೇಲೆ ಬಿಚ್ಚಿ. ಅಂಗಿಯ ಹೊಲಿಗೆಗಳನ್ನೆಲ್ಲ ಬ್ಲೇಡಿನಲ್ಲಿ ಒಂದೊಂದಾಗಿ ಬಿಚ್ಚಬೇಕು ಅಂತೇನಿಲ್ಲ. ಬಟ್ಟೆ ಸಾಕಷ್ಟು ಇದ್ದರೆ ಹೊಲಿಗೆಯ ಪಕ್ಕದಲ್ಲೇ ಕತ್ತರಿಸಿಬಿಡಿ. ಬಿಚ್ಚಿದ ಹೊಲಿಗೆಯ ಸಾಲಿನಲ್ಲಿ ಸೂಜಿಯ ತೂತು ಉಳಿದಿರುತ್ತದೆ, ಆ ಅಂಚು ಹೇಗೂ ಗಟ್ಟಿ ಇರಲ್ಲ.

ತೆಳು ಸೀರೆ, ಪಂಚೆಗೆ 11ನೇ ನಂಬರಿನ ಸೂಜಿ. ಅಂಗಿ ಬಟ್ಟೆಗೆ 14. ಜೀನ್ಸಿಗೆ 16. ಹೊಸ ಸೂಜಿಯನ್ನೇ ಹಾಕಿ. ಮೊಂಡು ಸೂಜಿ ಹೊಸ ಬಟ್ಟೆಯಲ್ಲಿ ಹೇಗೋ ನಡೆಯುತ್ತದೆ, ಹಳೆಯದರಲ್ಲಿ ಎಳೆ ಕಡಿದುಕೊಂಡೇ ಹೋಗುತ್ತದೆ. ಗಟ್ಟಿಯಾಗಲಿ ಅಂತ ಒತ್ತೊತ್ತಾಗಿ ಹೊಲಿಯುವುದು ಎಲ್ಲರೂ ಮಾಡುವ ತಪ್ಪು. ಅಂಚೆ ಚೀಟಿಯ ಅಂಚಿನ ಹಾಗೆ ತೂತಿನ ಸಾಲಾಗಿ ಬಟ್ಟೆ ಅಲ್ಲೇ ಹರಿಯುತ್ತದೆ. ಇಂಚಿಗೆ ಹತ್ತು ಹೊಲಿಗೆ ಸಾಕು.

ಅಂಚಿನ ನೂಲು ಬಿಚ್ಚದ ಹಾಗೆ ಹೊಲಿಯುವ ಓವರ್‌ಲಾಕ್ ಮಿಷನ್ ಇಲ್ಲ ಅಂತ ಚಿಂತೆ ಬೇಡ. ಹಳೆ ಬಟ್ಟೆಗೆ ಎರಡು ಸಲ ಮಡಿಸಿ ಹೊಲಿಯುವ ಬಗೆಯೇ ಒಳ್ಳೆಯದು. ಎರಡು ತುಂಡನ್ನು ಒಳಮೈ ಒಳಮೈ ಸೇರುವ ಹಾಗೆ ಇಟ್ಟು ಕಾಲು ಇಂಚು ಬಿಟ್ಟು ಹೊಲಿಯಿರಿ. ಅಂಚನ್ನು ಅರ್ಧಕ್ಕೆ ಕತ್ತರಿಸಿ. ತಿರುಗಿಸಿ, ಹೊರಮೈ ಒಳಗೆ ಹೋಗುವ ಹಾಗೆ ಮಡಿಸಿ ಮತ್ತೆ ಮುಕ್ಕಾಲು ಇಂಚಿನ ಅರ್ಧದಷ್ಟು ಬಿಟ್ಟು ಹೊಲಿಯಿರಿ. ಬಿಡಿ ಅಂಚೆಲ್ಲ ಒಳಗೆ ಸೇರಿಕೊಳ್ಳುತ್ತದೆ, ನೂಲು ಬಿಚ್ಚಲ್ಲ, ಮಗುವಿನ ಮೈಗೆ ಚುಚ್ಚಲ್ಲ. ಮುಂದೆ ಎಲ್ಲೆಲ್ಲಿ 'ಮಡಿಕೆ ಹೊಲಿಗೆ' ಅಂತ ಬರೆದಿದ್ದೇನೋ ಅಲ್ಲಿ ಇದೇ ಅಂತ ತಿಳಿಯಿರಿ.

ಅಪ್ಪನ ಅಂಗಿಯಿಂದ ಫ್ರಾಕು

ಹೊಸದಾಗಿ ಶುರುಮಾಡುವವರು ಇದರಿಂದಲೇ ಶುರುಮಾಡಿ. ಅಂಗಿಯ ಬೆಲೆ ಇರುವುದು ಬಟ್ಟೆಯಲ್ಲಲ್ಲ, ಗುಂಡಿ ಪಟ್ಟಿಯಲ್ಲಿ. ಏಳು ಕಾಜ, ಏಳು ಗುಂಡಿ, ಮಡಿಸಿದ ಪಟ್ಟಿ, ಎಲ್ಲ ಯಾರೋ ಅಚ್ಚುಕಟ್ಟಾಗಿ ಹೊಲಿದುಕೊಟ್ಟಿದ್ದಾರೆ. ಅದನ್ನು ಹಾಗೇ ಫ್ರಾಕಿನ ಬೆನ್ನಿಗೆ ತಿರುಗಿಸಿದರೆ ಅರ್ಧ ಕೆಲಸ ಮುಗಿಯಿತು. ಅಂದರೆ ಅಂಗಿಯ ಮುಂಭಾಗ ಫ್ರಾಕಿನ ಹಿಂಭಾಗ, ಅಂಗಿಯ ಬೆನ್ನು ಫ್ರಾಕಿನ ಮುಂಭಾಗ. ತಲೆ ತೂರುತ್ತದೋ ಇಲ್ಲವೋ ಅನ್ನುವ ಕಷ್ಟವೂ ಇಲ್ಲ. ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಎರಡು ವರ್ಷದ ಮಗುವಿನ ತಲೆ ಸುತ್ತು ಹತ್ತಿರ ಹತ್ತಿರ 19 ಇಂಚು. ಹಿಂದೆ ಗುಂಡಿ ಇಲ್ಲದಿದ್ದರೆ ಕುತ್ತಿಗೆ ಅಷ್ಟು ಅಗಲ ಇಡಬೇಕಾಗುತ್ತದೆ, ಹೆಗಲಿನಿಂದ ಜಾರುತ್ತದೆ. ಬೆನ್ನ ಮೇಲೆ ಮಲಗಿಯೇ ಇರುವ ಕೂಸಿಗೆ ಮಾತ್ರ ಈ ಫ್ರಾಕು ಬೇಡ, ಗುಂಡಿ ಒತ್ತುತ್ತದೆ.

ಅಳತೆ. ಎದೆ ಸುತ್ತು 21 ಇಂಚಿನ ಎರಡು ವರ್ಷದ ಮಗುವಿಗೆ ಬರೆಯುತ್ತೇನೆ, ನಿಮ್ಮ ಮಗುವಿಗೆ ಟೇಪು ಹಿಡಿದು ಬದಲಿಸಿಕೊಳ್ಳಿ. ಮಗು ನಿಲ್ಲಲ್ಲ ಅಂದರೆ ಈಗ ಸರಿಯಾಗಿ ಆಗುವ ಒಂದು ಫ್ರಾಕನ್ನು ಚಾಪೆ ಮೇಲೆ ಹಾಸಿ ಅಳೆಯಿರಿ. ಹೆಗಲಿನಿಂದ ಮಂಡಿಯವರೆಗೆ ಉದ್ದ 18 ಇಂಚು. 40 ಸೈಜಿನ ಅಂಗಿಯಲ್ಲಿ ಇದು ಆರಾಮಾಗಿ ಕೂರುತ್ತದೆ.

ತೋಳು ಕತ್ತರಿಸಿ ಬೇರೆ ಇಡಿ. ಕಾಲರಿನ ಕೆಳಗಿನ ಹೆಗಲ ಪಟ್ಟಿಯನ್ನು ಹೊಲಿಗೆಯ ಪಕ್ಕದಲ್ಲಿ ಕತ್ತರಿಸಿ ತೆಗೆಯಿರಿ. ಪಕ್ಕದ ಹೊಲಿಗೆಗಳನ್ನು ಕತ್ತರಿಸಿ. ಈಗ ಬೆನ್ನಿನ ದೊಡ್ಡ ತುಂಡು, ಗುಂಡಿ ಹಾಕಿಯೇ ಇಟ್ಟ ಮುಂಭಾಗದ ಜೋಡಿ, ಎರಡು ತೋಳು ಸಿಕ್ಕವು.

ದಿನಪತ್ರಿಕೆಯ ಹಾಳೆಯಲ್ಲಿ ನಮೂನೆ ಬರೆಯಿರಿ. ಹಾಳೆಯ ಎಡ ಅಂಚು ಬಟ್ಟೆಯ ಮಡಿಕೆ. ಮೇಲಿನ ಮೂಲೆಯಿಂದ ಅಡ್ಡಕ್ಕೆ ಎರಡೂಕಾಲು ಇಂಚು ಕುತ್ತಿಗೆಗೆ, ನಾಲ್ಕೂಮುಕ್ಕಾಲು ಇಂಚಿಗೆ ಹೆಗಲಿನ ತುದಿ. ಹೆಗಲಿನ ತುದಿಯನ್ನು ಅರ್ಧ ಇಂಚು ಕೆಳಗಿಳಿಸಿ. ಕಂಕುಳಿನ ಆಳ ಮೇಲಿನಿಂದ ಐದೂವರೆ ಇಂಚು, ಅಲ್ಲಿ ಅಗಲ 7 ಇಂಚು. ಇದು ಹೇಗೆ ಬಂತು? 21ರ ಕಾಲು ಭಾಗ ಐದೂಕಾಲು, ಸಡಿಲಕ್ಕೆ ಒಂದು, ಹೊಲಿಗೆಗೆ ಮುಕ್ಕಾಲು. ಕೆಳಗೆ ಅಗಲವನ್ನು 10 ಇಂಚಿನವರೆಗೆ ಓರೆಯಾಗಿ ಬಿಡಿ. ಉದ್ದ 18ಕ್ಕೆ ಹೆಗಲ ಹೊಲಿಗೆಯ ಮುಕ್ಕಾಲು ಸೇರಿಸಿ. ಅಂಗಿಯ ಕೆಳ ಮಡಿಕೆಯನ್ನೇ ಉಳಿಸಿಕೊಳ್ಳುವುದಾದರೆ ಇಷ್ಟೇ ಸಾಕು, ಇಲ್ಲವಾದರೆ ಇನ್ನೊಂದು ಇಂಚು ಕೊಡಿ. ಕುತ್ತಿಗೆ ಮುಂದೆ ಎರಡೂವರೆ, ಹಿಂದೆ ಒಂದೂವರೆ ಇಂಚು ಆಳ.

ಕತ್ತರಿಸುವ ಮೊದಲು ಒಂದು ನಿಮಿಷ. ಹಿಂಭಾಗಕ್ಕೆ ಹಾಳೆ ಇಡುವಾಗ ಮಡಿಕೆಯ ಗೆರೆ ಗುಂಡಿಗಳ ನೇರಕ್ಕೆ ಬರಲಿ. ಆಮೇಲೆ ಹಾಳೆಯನ್ನು ಮೇಲೆ ಕೆಳಗೆ ಸರಿಸಿ, ಕುತ್ತಿಗೆಯ ಅಂಚಿನಿಂದ ಮುಕ್ಕಾಲು ಇಂಚು ಕೆಳಗೆ ಒಂದು ಗುಂಡಿ ಬರುವ ಹಾಗೆ ನಿಲ್ಲಿಸಿ. ಇದನ್ನು ಮರೆತರೆ ಕುತ್ತಿಗೆ ಗೆರೆ ಸರಿಯಾಗಿ ಗುಂಡಿಯ ಮೇಲೇ ಹಾದುಹೋಗುತ್ತದೆ, ಅಥವಾ ಮೊದಲ ಗುಂಡಿ ಮೂರು ಇಂಚು ಕೆಳಗಿದ್ದು ಕತ್ತು ಬಾಯಿ ತೆರೆದುಕೊಳ್ಳುತ್ತದೆ. ನನಗೆ ಎರಡೂ ಆಗಿದೆ. ಮೇಲಕ್ಕೆ ಸರಿಸಿದಾಗ ಅಂಗಿಯ ಕೆಳ ಅಂಚು ಸಿಗದೆ ಹೋದರೂ ಪರವಾಗಿಲ್ಲ. ಅಂಚು ಮಡಿಸುವುದು ಹತ್ತು ನಿಮಿಷದ ಕೆಲಸ, ಕಾಜ ಹೊಲಿಯುವುದು ಅರ್ಧ ದಿನದ್ದು.

ಎದೆಯ ಜೇಬು ಈಗ ಬೆನ್ನಿಗೆ ಬರುತ್ತದೆ. ಬ್ಲೇಡಿನಲ್ಲಿ ಬಿಚ್ಚಿದರೆ ಅದರ ಕೆಳಗೆ ಅಂಗಿ ಹೊಸದಾಗಿದ್ದಾಗಿನ ಬಣ್ಣ ಚೌಕವಾಗಿ ಕಾಣುತ್ತದೆ. ನಮ್ಮ ಮನೆಯವರ ನೀಲಿ ಅಂಗಿ ಇಷ್ಟು ಮಾಸಿತ್ತು ಅಂತ ನನಗೆ ಗೊತ್ತಾಗಿದ್ದೇ ಆ ಚೌಕ ನೋಡಿದ ಮೇಲೆ. ಒಂದೋ ಜೇಬನ್ನು ಅಲ್ಲೇ ಬಿಡಿ, ಇಲ್ಲ ಅದರ ಮೇಲೆ ಬಣ್ಣದ ತುಂಡೊಂದನ್ನು ಎಲೆಯ ಆಕಾರದಲ್ಲಿ ಕತ್ತರಿಸಿ ಹೊಲಿಯಿರಿ. ಬಿಚ್ಚಿದ ಜೇಬು ಮುಂದಕ್ಕೆ, ಮಗುವಿನ ಕೈಗೆ ಸಿಗುವ ಕಡೆ.

ಈಗ ಹೊಲಿಯುವುದು. ಮೊದಲು ಹೆಗಲುಗಳಿಗೆ ಮಡಿಕೆ ಹೊಲಿಗೆ. ಆಮೇಲೆ ತೋಳಿನ ಬಟ್ಟೆಯಿಂದ ಒಂದೂಕಾಲು ಇಂಚು ಅಗಲದ ಕ್ರಾಸ್ ಪಟ್ಟಿ ಕತ್ತರಿಸಿ. ಮೂಲೆಯಿಂದ ಮೂಲೆಗೆ ಓರೆಯಾಗಿಯೇ ಕತ್ತರಿಸಬೇಕು, ನೇರ ಪಟ್ಟಿ ಗುಂಡನೆಯ ಕುತ್ತಿಗೆಗೆ ಕೂರಲ್ಲ, ಸುಕ್ಕು ಬೀಳುತ್ತದೆ. ಕುತ್ತಿಗೆಗೆ ಒಂದು, ಕೈಗೆ ಒಂದೊಂದು, ಎಲ್ಲ ಸೇರಿ ಒಂದೂಕಾಲು ಮೀಟರು ಬೇಕಾದೀತು. ಪಟ್ಟಿಯನ್ನು ಹೊರಮೈಗೆ ಕಾಲು ಇಂಚು ಬಿಟ್ಟು ಹೊಲಿದು, ತಿರುವಿನಲ್ಲಿ ಅಂಚಿಗೆ ಸಣ್ಣ ಕಚ್ಚು ಕೊಟ್ಟು, ಒಳಗೆ ಮಡಿಸಿ ಕೈಹೊಲಿಗೆ ಹಾಕಿ. ಕಚ್ಚು ಹೊಲಿಗೆಗೆ ತಾಗಬಾರದು.

ಕೈ ಸುತ್ತಿನ ಪಟ್ಟಿಯನ್ನು ಪಕ್ಕದ ಹೊಲಿಗೆ ಹಾಕುವ ಮೊದಲೇ ಕೂರಿಸಿ. ಆಗ ಬಟ್ಟೆ ಹಾಸಿದ ಹಾಗಿರುತ್ತದೆ. ಪಕ್ಕ ಮುಚ್ಚಿದ ಮೇಲೆ ಅಷ್ಟು ಸಣ್ಣ ತೂತನ್ನು ಮಿಷನ್ನಿನ ಕಾಲಿನ ಕೆಳಗೆ ತಿರುಗಿಸುವುದು ಬೆರಳಿಗೂ ಕಷ್ಟ, ಮನಸ್ಸಿಗೂ ಕಷ್ಟ. ಕೊನೆಗೆ ಕಂಕುಳಿನಿಂದ ಕೆಳಗಿನವರೆಗೆ ಎರಡೂ ಪಕ್ಕ ಮಡಿಕೆ ಹೊಲಿಗೆ. ಹಿಂದಿನ ಗುಂಡಿ ಪಟ್ಟಿಯನ್ನು ಸೊಂಟದಿಂದ ಕೆಳಗೆ ಒಂದು ಸಾಲು ಹೊಲಿದು ಮುಚ್ಚಿಬಿಡಿ, ಓಡುವಾಗ ತೆರೆದುಕೊಳ್ಳಲ್ಲ. ಗುಂಡಿಗಳಿಗೆಲ್ಲ ಹೊಸ ದಾರ ಹಾಕಿ ಬಿಗಿ ಮಾಡಿ. ಬಿದ್ದ ಗುಂಡಿ ಮೊದಲು ಹೋಗುವುದು ಮಗುವಿನ ಬಾಯಿಗೆ.

ಸೀರೆಯಿಂದ ಬಾಡಿ ಲಂಗ

ಐದು ವರ್ಷದ ಹುಡುಗಿಗೆ ಸೊಂಟ ಅಂತ ಬೇರೆ ಇರಲ್ಲ. ಲಾಡಿ ಎಷ್ಟು ಬಿಗಿದರೂ ಲಂಗ ಜಾರುತ್ತದೆ, ಜಾಸ್ತಿ ಬಿಗಿದರೆ ಹೊಟ್ಟೆ ಮೇಲೆ ಬರೆ ಬೀಳುತ್ತದೆ. ಅದಕ್ಕೇ ಹಳಬರು ಲಂಗಕ್ಕೆ ತೋಳಿಲ್ಲದ ಬಾಡಿ ಜೋಡಿಸುತ್ತಿದ್ದರು. ಭಾರ ಹೆಗಲಿಗೆ ಬೀಳುತ್ತದೆ. ಬಾಡಿ ಒಳಗೆ ಹೋಗುವುದರಿಂದ ಹಳೆ ಪಂಚೆಯದೇ ಸಾಕು, ಮೆತ್ತಗಿರುತ್ತದೆ.

ಸೀರೆಯ ನಿರಿಗೆ ಭಾಗದಿಂದ 74 ಇಂಚು ಅಳೆದುಕೊಳ್ಳಿ. ಸೀರೆಗೆ ಎರಡೂ ಕಡೆ ಒಂದೇ ದಡಿ ಇದ್ದರೆ ಕೆಳದಡಿಯ ಬದಲು ಮೇಲ್ದಡಿಯನ್ನು ಲಂಗದ ಅಂಚಿಗೆ ಬಳಸಿ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ದಡಿ ಅದು, ನೆಲ ಕಂಡಿಲ್ಲ. ಸೀರೆಯ ಅಂಚು ಬಿಚ್ಚಲ್ಲವಾದ್ದರಿಂದ ಲಂಗದ ಕೆಳಗೆ ಮಡಿಸುವ ಕೆಲಸವೇ ಇಲ್ಲ.

ಸೊಂಟದಿಂದ ಹರಡಿನವರೆಗೆ ಮಗುವಿನ ಉದ್ದ 24 ಇಂಚು ಅಂದುಕೊಳ್ಳಿ. ಮೇಲೆ ಹೊಲಿಗೆಗೆ ಒಂದು. ಬೆಳೆಯುವ ಮಗುವಿಗೆ ಮುಂದೆ ಬಿಚ್ಚಿ ಉದ್ದ ಮಾಡಲು ಎರಡು ಮಡಿಕೆ ಪಟ್ಟಿ, ಒಂದೊಂದು ಇಂಚಿನವು. ಒಂದು ಇಂಚಿನ ಪಟ್ಟಿ ಎರಡು ಇಂಚು ಬಟ್ಟೆ ನುಂಗುತ್ತದೆ, ಹಾಗಾಗಿ ನಾಲ್ಕು. ಒಟ್ಟು 29 ಇಂಚು. 45 ಇಂಚು ಅಗಲದ ಸೀರೆಯಲ್ಲಿ ಇನ್ನೂ 16 ಇಂಚು ದಡಿಯ ಸಮೇತ ಉಳಿಯುತ್ತದೆ. ಅದರಲ್ಲಿ ಗಟ್ಟಿ ಇರುವ ಕಡೆ ರವಿಕೆ ಕತ್ತರಿಸಬಹುದು, ದಡಿ ತೋಳಿಗೆ.

ಇಳಕಲ್ ಸೀರೆಯಾದರೆ ಸೆರಗಿನ ಕಡೆ ಹುಷಾರು. ಒಡಲು ಹತ್ತಿ, ಸೆರಗು ರೇಷ್ಮೆ ಅಥವಾ ಕೃತಕ ರೇಷ್ಮೆ. ಒಡಲಿನ ಹಾಸಿನ ಎಳೆಯನ್ನೂ ಸೆರಗಿನ ಹಾಸಿನ ಎಳೆಯನ್ನೂ ಒಂದರೊಳಗೊಂದು ಕೊಂಡಿ ಹಾಕಿ ನೇಯ್ದಿರುತ್ತಾರೆ. ಆ ಕೊಂಡಿಯ ಗೆರೆಯ ಪಕ್ಕದಲ್ಲೇ ಕತ್ತರಿ ಆಡಿಸಿದರೆ ಎಳೆಗಳು ಜಾರಿ ಬರುತ್ತವೆ. ಎರಡು ಬೆರಳು ದೂರ ಬಿಟ್ಟು ಕತ್ತರಿಸಿ. ತೋಪು ತೆನಿ ಅನ್ನುವ ವಿನ್ಯಾಸದ ಸೆರಗನ್ನು ನಾನಂತೂ ಕತ್ತರಿಸಲ್ಲ. ಇಡಿಯಾಗಿ ಎತ್ತಿಟ್ಟಿದ್ದೇನೆ.

ಮೊದಲು ಮಡಿಕೆ ಪಟ್ಟಿ. ದಡಿಯಿಂದ ಎರಡು ಬೆರಳು ಮೇಲೆ ಒಂದು, ಅದರ ಮೇಲೆ ಇನ್ನೊಂದು. ಹೊಲಿಗೆ ಉದ್ದವಾಗಿ ಹಾಕಿ, ಮುಂದಿನ ವರ್ಷ ಎಳೆದರೆ ಬಿಚ್ಚಬೇಕು. ಹೊಸ ಬಟ್ಟೆಯಲ್ಲಿ ಪಟ್ಟಿ ಬಿಚ್ಚಿದಾಗ ಒಳಗಿನ ಬಣ್ಣ ಗಾಢವಾಗಿ ಉಳಿದು ಗೆರೆ ಕಾಣುತ್ತದೆ. ಹಳೆ ಸೀರೆ ಮೊದಲೇ ಮಾಸಿರುವುದರಿಂದ ಆ ಗೆರೆ ಅಷ್ಟಾಗಿ ಎದ್ದು ಕಾಣಲ್ಲ.

ಆಮೇಲೆ ಎರಡು ತುದಿಗಳನ್ನು ಜೋಡಿಸಿ, ಮೇಲಿನ ಐದು ಇಂಚು ಬಿಟ್ಟು. ಅದು ಹಿಂದಿನ ಸೀಳು. ಮೇಲಿನ ಅಂಚಿನಲ್ಲಿ ಒಂದೊಂದು ಇಂಚಿನ 24 ನಿರಿಗೆ ಹಿಡಿಯಿರಿ. ಒಂದು ನಿರಿಗೆ ಮೂರು ಇಂಚು ಬಟ್ಟೆ ತಿನ್ನುತ್ತದೆ, 72 ಇಂಚು ಅಲ್ಲಿಗೆ ಹೋಯಿತು, ಉಳಿದ ಎರಡು ಇಂಚು ಜೋಡಣೆಗೆ ಮತ್ತು ಸೀಳಿನ ಮಡಿಕೆಗೆ. ಕಣ್ಣಂದಾಜಿನಲ್ಲಿ ಹಿಡಿಯಬೇಡಿ. ಮೂರು ಇಂಚಿಗೊಂದು ಚಾಕ್ ಗುರುತು ಹಾಕಿಕೊಂಡೇ ಹಿಡಿಯಿರಿ. ಅರ್ಧಕ್ಕೆ ಬಂದಾಗ ನಿರಿಗೆ ಜಾಸ್ತಿ ಆಯಿತು, ಬಟ್ಟೆ ಕಮ್ಮಿ ಆಯಿತು ಅಂತ ಬಿಚ್ಚುವ ಕೆಲಸ ತಪ್ಪುತ್ತದೆ. ಎಲ್ಲವನ್ನೂ ಟಾಕಿ (ಸಡಿಲ ಕೈಹೊಲಿಗೆ) ಹಾಕಿ ಇಸ್ತ್ರಿ ಒತ್ತಿ.

ಬಾಡಿಗೆ ಫ್ರಾಕಿನ ನಮೂನೆಯ ಮೇಲ್ಭಾಗವೇ ಆಗುತ್ತದೆ, ಎದೆ 22 ಇಂಚಿಗೆ ಹಿಗ್ಗಿಸಿ, ಉದ್ದ ಹೆಗಲಿನಿಂದ ಸೊಂಟದವರೆಗೆ. ಹಿಂದೆ ಸೀಳಿ ಟಿಚ್ ಗುಂಡಿ ಕೂರಿಸಿ. ಬಾಡಿಯ ಕೆಳಸುತ್ತು 24 ಇಂಚು, ನಿರಿಗೆ ಹಿಡಿದ ಲಂಗವೂ 24. ಸಣ್ಣ ವ್ಯತ್ಯಾಸ ಬಂದರೆ ಬಾಡಿಯನ್ನು ಕತ್ತರಿಸಬೇಡಿ, ಸೀಳಿನ ಹತ್ತಿರದ ಎರಡು ನಿರಿಗೆಯನ್ನು ಸ್ವಲ್ಪ ಒತ್ತು ಮಾಡಿ ಅಥವಾ ಸಡಿಲಿಸಿ. ಜೋಡಿಸಿದ ಹೊಲಿಗೆಯ ಮೇಲೆ ಒಳಗಿನಿಂದ ಪಂಚೆಯ ಒಂದು ಇಂಚಿನ ಪಟ್ಟಿ ಕೂರಿಸಿ. ಲಂಗದ ಭಾರವೆಲ್ಲ ಈ ಗೆರೆಯ ಮೇಲೆ ಬೀಳುವುದರಿಂದ ಹಳೆ ಬಟ್ಟೆಗೆ ಇಲ್ಲಿ ಆಸರೆ ಬೇಕು.

ಪಂಚೆಯಿಂದ ಕೂಸಿನ ಜಬಲಾ

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹುಟ್ಟಿದ ಕೂಸಿಗೆ ಮೊದಲು ಹಾಕುವುದು ಹಳೆ ಬಟ್ಟೆಯನ್ನೇ. ಸಂಪ್ರದಾಯ ಏನೇ ಇರಲಿ, ನೂರು ಸಲ ಒಗೆದ ಪಂಚೆಯಷ್ಟು ಮೆತ್ತನೆಯ ಬಟ್ಟೆ ಯಾವ ಅಂಗಡಿಯಲ್ಲೂ ಸಿಗಲ್ಲ. ಗಂಜಿ, ನೀಲಿ ಹಾಕದೆ ಬಿಸಿನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿ. ಜರಿ ಅಂಚು ಕತ್ತರಿಸಿ ತೆಗೆಯಿರಿ, ಎಳೆ ಮೈಗೆ ಗೀರುತ್ತದೆ.

24 ಇಂಚು ಉದ್ದ, 16 ಇಂಚು ಅಗಲದ ತುಂಡು. ಉದ್ದಕ್ಕೆ ಒಮ್ಮೆ, ಅಗಲಕ್ಕೆ ಒಮ್ಮೆ ಮಡಿಸಿ, 12 ಮತ್ತು 8 ಇಂಚು ಆಗುತ್ತದೆ. ಎರಡೂ ಮಡಿಕೆ ಸೇರುವ ಮೂಲೆಯಲ್ಲಿ ಕುತ್ತಿಗೆಗೆ ಒಂದೂವರೆ ಇಂಚು ಅಗಲ, ಒಂದು ಇಂಚು ಆಳ ಗುಂಡಗೆ ಕತ್ತರಿಸಿ. ಮುಂಭಾಗದಲ್ಲಿ ಆಮೇಲೆ ಇನ್ನೊಂದು ಇಂಚು ಇಳಿಸಿ. ತೋಳಿನ ಬಾಯಿ ನಾಲ್ಕು ಇಂಚು. ಅಲ್ಲಿಂದ ಒಳಕ್ಕೆ ಬಂದು, ನಡು ಮಡಿಕೆಯಿಂದ ಐದು ಇಂಚು ಅಗಲ ಉಳಿಸಿ, ದುಂಡಗೆ ತಿರುಗಿ ಕೆಳಗೆ ಹೋಗಿ. ಬೇರೆ ತೋಳು ಜೋಡಿಸುವ ಹಾಗಿಲ್ಲ, ಎಲ್ಲ ಒಂದೇ ತುಂಡು. ಮುಂದಿನ ಪದರವನ್ನು ಮಾತ್ರ ನಡುವೆ ಸೀಳಿ. ಬಟ್ಟೆಯನ್ನು ತಲೆಯ ಮೇಲಿಂದ ಎಳೆಯುವ ಬದಲು ಕೂಸನ್ನು ಅದರ ಮೇಲೆ ಮಲಗಿಸಿ ಕೈ ತೂರಿಸಬಹುದು. ಹುಟ್ಟಿದಾಗ ಕೂಸಿನ ತಲೆ ಸುತ್ತು ಎದೆ ಸುತ್ತಿಗಿಂತಲೂ ದೊಡ್ಡದು, ನೆನಪಿರಲಿ.

ಇಲ್ಲಿ ಒಂದು ವಿಚಿತ್ರ. ಹೊಲಿಗೆಯ ಅಂಚು ಹೊರಗೆ ಕಾಣುವ ಹಾಗೆ ಹಾಕಿ, ಒಳಗೆ ಬೇಡ. ನೋಡಿದವರು ಉಲ್ಟಾ ಹಾಕಿದ್ದೀರಿ ಅನ್ನುತ್ತಾರೆ, ಅನ್ನಲಿ. ಕೂಸಿನ ಪಕ್ಕೆಗೆ ಅಂಚು ತಾಗಬಾರದು. ಗುಂಡಿ, ಪಿನ್ನು ಬೇಡ. ಎದೆಯ ಹತ್ತಿರ ಒಂದು, ಹೊಟ್ಟೆಯ ಹತ್ತಿರ ಒಂದು ಜೊತೆ ಬಟ್ಟೆಯ ಲಾಡಿ, ಐದೇ ಇಂಚು ಉದ್ದ. ಕುತ್ತಿಗೆಯ ಹತ್ತಿರ ಯಾವ ಲಾಡಿಯೂ ಇರಬಾರದು.

ಪ್ಯಾಂಟು, ಮತ್ತೆ ಉಳಿದ ಚೂರು

ಪ್ಯಾಂಟಿನಿಂದ ಹುಡುಗರ ಚಡ್ಡಿ ತುಂಬಾ ಸುಲಭ. ಮೂರು ವರ್ಷದವನಿಗೆ ಎರಡೂ ಕಾಲನ್ನು ಕೆಳಗಿನಿಂದ ಹದಿಮೂರೂವರೆ ಇಂಚಿಗೆ ಕತ್ತರಿಸಿ. ಪ್ಯಾಂಟಿನ ಕೆಳಮಡಿಕೆಯೇ ಚಡ್ಡಿಯ ಮಡಿಕೆ. ಕಾಲು ಕೊಳವೆಯ ಹಾಗೇ ಇರಲಿ. ಒಳಗಿನ ಹೊಲಿಗೆಯನ್ನು ಮೇಲಿನಿಂದ ಎಂಟೂವರೆ ಇಂಚು ಬಿಚ್ಚಿ, ಎರಡೂ ಕಡೆ ಮೇಲೆ ಒಂದೂವರೆ ಇಂಚು ಒಳಕ್ಕೆ ಬರುವ ಹಾಗೆ ಬಾಗಿಸಿ ಕತ್ತರಿಸಿ, ಹಿಂದಿನ ಕಡೆ ಸ್ವಲ್ಪ ಕಡಿಮೆ. ಒಂದು ಕಾಲನ್ನು ಇನ್ನೊಂದರೊಳಗೆ ಹೊರಮೈ ಸೇರುವ ಹಾಗೆ ತೂರಿಸಿ, ಆ ಬಾಗನ್ನು ಎರಡು ಸಾಲು ಹೊಲಿಯಿರಿ. ಮೇಲೆ ಒಂದೂವರೆ ಇಂಚು ಮಡಿಸಿ ಎಲಾಸ್ಟಿಕ್, ಸೊಂಟಕ್ಕಿಂತ ಎರಡು ಇಂಚು ಕಡಿಮೆ. ಮಂಡಿಯಿಂದ ಕೆಳಗೆ ತೀರಾ ಬಿಗಿಯಿರುವ ಪ್ಯಾಂಟಿನಲ್ಲಿ ಇದು ಆಗಲ್ಲ. ಕಾಲಿನ ಸುತ್ತು 17 ಇಂಚಾದರೂ ಇರಬೇಕು.

ಬನಿಯನ್ನು, ಟೀ ಶರ್ಟಿಗೆ ತುದಿ ದುಂಡಗಿರುವ ಬಾಲ್ ಪಾಯಿಂಟ್ ಸೂಜಿ ಬೇಕು. ಮಾಮೂಲಿ ಸೂಜಿಯಲ್ಲಿ ಹೊಲಿದರೆ ತೂತು ಬೀಳುತ್ತದೆ.

ಮೂರು ಇಂಚಿಗಿಂತ ದೊಡ್ಡ ಚೂರೆಲ್ಲ ಕೌದಿಯ ಚೀಲಕ್ಕೆ. ಅಷ್ಟರಲ್ಲೇ ಸ್ವಲ್ಪ ಉದ್ದದ್ದು ಸಿಕ್ಕರೆ ಕೂಸಿಗೆ ಒಂದು ಕುಲಾವಿ. ಆದರೆ ಹೊಲಿದ ಪ್ರತಿ ಬಟ್ಟೆಯ ಒಂದು ಅಂಗೈ ಅಗಲದ ಗಟ್ಟಿ ತುಂಡನ್ನು ಬೇರೆ ಡಬ್ಬಿಯಲ್ಲಿ ಇಡಿ. ಮಗಳ ಎರಡನೇ ಲಂಗ ನಾಲ್ಕು ವರ್ಷ ಬಂತು. ಮೂರನೇ ವರ್ಷ ಬೇಲಿಗೆ ಸಿಕ್ಕಿ ಹರಿದಾಗ ಆ ಡಬ್ಬಿಯಿಂದಲೇ ತೇಪೆ ಹಾಕಿದ್ದು. ಅಜ್ಜಿ ಕನ್ನಡಕ ಹಾಕಿಕೊಂಡು ಎಲ್ಲಿ ಹಾಕಿದೀ ಅಂತ ಹುಡುಕುತ್ತಾ ಕೂತಿದ್ದಳು.